ಬೆಟ್ಟದ ಡಾಕ್ಟರು, ಪೋಡಿನ ಆರೋಗ್ಯ

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಅಲ್ಲಿನ ಆದಿವಾಸಿಗಳಾದ ಸೋಲಿಗರ ಬೇಟೆಯೂ ನಿಂತಿತು, ಕಾಡು ಸವರಿ ರಾಗಿ ಬೆಳೆಯುತ್ತಿದ್ದ ಬೇಸಾಯವೂ ನಿಂತಿತು. ಇಂಥ ಹೊತ್ತಿನಲ್ಲಿ ಪಟ್ಟಣದಿಂದ ಬಂದವನನ್ನು ಅವರು ನಂಬುವುದಾದರೂ ಹೇಗೆ? ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬೋರ್ಡು ತೂಗುಹಾಕಿ ರೋಗಿಗಳಿಗೆ ಕಾಯುತ್ತ ಕೂರಲಿಲ್ಲ. ಪೋಡಿನಿಂದ ಪೋಡಿಗೆ, ಅಂದರೆ ಸೋಲಿಗರ ಹಾಡಿಯಿಂದ ಹಾಡಿಗೆ ನಡೆದರು. ಹಾವು ಕಡಿದವರು, ಕರಡಿ ಪರಚಿದವರು, ಕ್ಷಯದಿಂದ ಬಡಕಲಾದವರು ಅಲ್ಲಿದ್ದರು. ಈ ಕೆಲಸದಿಂದಲೇ 1981ರಲ್ಲಿ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು.

ಚಿಕಿತ್ಸೆಯ ಹಿಂದೆಯೇ ಶಾಲೆ ಬಂತು, ಸಂಘಟನೆ ಬಂತು. ವೈದ್ಯನಿಗೇಕೆ ಈ ಉಸಾಬರಿ ಎಂದು ಕೇಳಬಹುದು. ಆದರೆ ಹೊಲ ಕಳೆದುಕೊಂಡ ಮನೆಯ ಮಗುವಿಗೆ ರಕ್ತಹೀನತೆಯ ಗುಳಿಗೆಯನ್ನಷ್ಟೇ ಕೊಟ್ಟು ಕಳಿಸಿದರೆ ಅದು ಮುಂದಿನ ತಿಂಗಳು ಮತ್ತೆ ಬರುತ್ತದೆ. ಜೇನು, ನೆಲ್ಲಿಕಾಯಿ, ಸೀಗೆಕಾಯಿಗೆ ನ್ಯಾಯವಾದ ಬೆಲೆ ಸಿಗುವುದೂ ಔಷಧಿಯಷ್ಟೇ ಮುಖ್ಯ ಎಂದು ಕೇಂದ್ರ ತಿಳಿದದ್ದು ದಾರಿ ತಪ್ಪಿದ್ದಲ್ಲ, ಹಿಡಿದ ದಾರಿಯಲ್ಲೇ ಮುಂದೆ ಹೋದದ್ದು.

ಸೋಲಿಗರ ಗಿಡಮೂಲಿಕೆ ಜ್ಞಾನವನ್ನೂ ಕೇಂದ್ರ ಅಲ್ಲಗಳೆಯಲಿಲ್ಲ. ಈ ಸಮುದಾಯದಲ್ಲಿ ಕಾಣುವ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷವನ್ನು ಪತ್ತೆಹಚ್ಚುವ ಕೆಲಸಕ್ಕೂ ಕೈಹಾಕಿತು. ಒಂದು ಕೈಯಲ್ಲಿ ಬೇರು, ಇನ್ನೊಂದರಲ್ಲಿ ರಕ್ತಪರೀಕ್ಷೆ.

ಸುದರ್ಶನರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2000ದಲ್ಲಿ ಪದ್ಮಶ್ರೀ. ಪ್ರಶಸ್ತಿ ಬಂದರೆ ದೇಣಿಗೆ, ದೇಣಿಗೆ ಬಂದರೆ ಕಟ್ಟಡ, ಕಟ್ಟಡ ಎದ್ದಮೇಲೆ ಅದನ್ನು ತುಂಬಲು ಫೀಸು ಕೊಡುವ ರೋಗಿ: ಎಷ್ಟೋ ಸೇವಾಸಂಸ್ಥೆಗಳು ಜಾರಿದ್ದು ಈ ಮೆಟ್ಟಿಲಲ್ಲೇ. ಇಲ್ಲಿ ಬೆಳವಣಿಗೆ ಬೇರೆ ಕವಲಾಗಿ ಒಡೆಯಿತು. ಯಳಂದೂರು ತಾಲ್ಲೂಕಿನ ಕುಷ್ಠರೋಗದ ಕೆಲಸಕ್ಕೆಂದು ಕರುಣಾ ಟ್ರಸ್ಟ್ ಈ ಪ್ರಶಸ್ತಿಗಳಿಗೂ ಮೊದಲೇ ಬೇರೆಯಾಗಿ ಹುಟ್ಟಿತ್ತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡದ್ದು ಈ ಟ್ರಸ್ಟೇ. ಆಮೇಲೆ ಅರುಣಾಚಲ ಪ್ರದೇಶದವರೆಗೂ ಹೋಯಿತು. ಬೆಟ್ಟದ ಕೇಂದ್ರ ಮಾತ್ರ ಸೋಲಿಗರದ್ದಾಗಿಯೇ ಉಳಿಯಿತು.

ಕೇಂದ್ರ ಹೀಗೆ ಸೋಲಿಗರದ್ದಾಗಿ ಉಳಿದದ್ದರ ಬೆಲೆ ಕಾಡಿನ ಹಕ್ಕಿನ ಪ್ರಶ್ನೆ ಎದ್ದಾಗ ತಿಳಿಯಿತು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಹುಲಿಯ ಕಾಡಿನಲ್ಲಿ ಜೇನು ಕೀಳುವುದು, ನೆಲ್ಲಿಕಾಯಿ ಆಯುವುದು ಆಗ ಕಾಗದದ ಮೇಲೂ ಅವರ ಹಕ್ಕಾಯಿತು.