ರೆವರೆಂಡ್ ಕಿಟ್ಟೆಲ್‌ರವರೂ ಕನ್ನಡ ಮಾತೂ

ಕ್ರಿ. ಶ. 949ರಲ್ಲಿ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಜನಿಸಿದ ರನ್ನನು 993ರಲ್ಲಿ ಅಜಿತಪುರಾಣವನ್ನು ಅತ್ತಿಮಬ್ಬೆಯ ಆಶ್ರಯದಲ್ಲಿ ರಚಿಸಿದನು. ತೀರ್ಥಂಕರನ ಚರಿತೆಯು ಕನ್ನಡದ ಚಂಪೂರೂಪವನ್ನು ತಾಳಿತು. ಧರ್ಮವು ಎಲ್ಲಿಯದಾದರೂ ನೆಲದ ಮಾತಿನಲ್ಲಿಯೇ ಅದು ನಿಲ್ಲಬೇಕಷ್ಟೆ. ಒಂಬತ್ತು ಶತಮಾನಗಳ ತರುವಾಯ ಇದೇ ಪ್ರಶ್ನೆಯು ಕ್ರೈಸ್ತ ಪಾದ್ರಿಗಳಿಗೆ ಎದುರಾಯಿತು.

ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್‌ರವರು 1853ರಲ್ಲಿ ಕನ್ನಡನಾಡಿಗೆ ಬಂದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸಿಗೆ ಅಳವಡಿಸಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಛಂದಸ್ಸಿಗಿಂತಲೂ ಶಬ್ದವೇ ಕಠಿನ. ಪಾದ್ರಿಯು ‘ಪಾಪ’ವೆಂದರೆ ಆದಿಮಾನವನ ಆಜ್ಞೋಲ್ಲಂಘನ, ಕೇಳುವ ಒಕ್ಕಲಿಗನಿಗೋ ಪೂರ್ವಜನ್ಮದ ಕರ್ಮ. ‘ಮೋಕ್ಷ’ವೆಂದರೆ ಅವರಿಗೆ ದೇವರ ಕೃಪೆಯಿಂದ ದೊರೆಯುವ ರಕ್ಷಣೆ, ಇವನಿಗೆ ಜನ್ಮಚಕ್ರದಿಂದ ಬಿಡುಗಡೆ. ಶಬ್ದವು ತನ್ನ ಸಂಸ್ಕಾರವನ್ನು ಬಿಟ್ಟು ಬರಲೊಲ್ಲದು. ಆ ಸಂಸ್ಕಾರವನ್ನರಿಯಬೇಕಾದರೆ ಕವಿಗಳನ್ನೂ ಲಾಕ್ಷಣಿಕರನ್ನೂ ಓದಲೇಬೇಕು.

ಕಿಟ್ಟೆಲ್‌ರವರು ಓದಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳುಂಟು; ಕಾವ್ಯಪ್ರಯೋಗಗಳ ಪಕ್ಕದಲ್ಲಿಯೇ ಹಳ್ಳಿಯ ಗಾದೆಗಳೂ ಕುಳಿತಿವೆ. ಧರ್ಮಬೋಧನೆಯೇ ಮೂಲೋದ್ದೇಶವೆಂಬುದನ್ನು ಮರೆಮಾಚಬೇಕಾದುದಿಲ್ಲ. ಆದರೆ ಬೋಧಿಸಬಂದವರು ನಾಲ್ಕು ದಶಕ ಶಿಷ್ಯವೃತ್ತಿಯಲ್ಲಿ ಕಳೆದುದು ಸಾಮಾನ್ಯವಲ್ಲ. ಅವರು 1903ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ರನ್ನನ ಗದಾಯುದ್ಧಕ್ಕೆ ಅರ್ಥ ಹುಡುಕುವ ವೈದಿಕನೂ ಜೈನನೂ ಲಿಂಗವಂತನೂ ಇಂದಿಗೂ ಆ ಪಾದ್ರಿಯ ನಿಘಂಟನ್ನೇ ತೆರೆಯುವುದುಂಟು.