ಒಂದೇ ಪಂಕ್ತಿ

2001ನೇ ಇಸವಿಯ ಮಾತು. ಆಗ ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಮಧ್ಯಾಹ್ನದ ಬಿಡುವು ಮುಗಿದ ಮೇಲೆ ಐದನೇ ತರಗತಿಗೆ ಸಮಾಜ ಪಾಠ. ಗೋಡೆ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ದಿನಾ ಆ ಹೊತ್ತಿಗೆ ತೂಕಡಿಸುತ್ತಿದ್ದಳು. ಒಂದು ದಿನ ನನಗೆ ಸಿಟ್ಟು ಬಂದು, ಅವಳನ್ನು ಎಬ್ಬಿಸಿ ಪಾಠ ಮುಗಿಯುವವರೆಗೂ ನಿಲ್ಲಿಸಿದೆ. ಗಂಟೆ ಹೊಡೆದದ್ದೇ ತಡ, ಅವಳು ಬೋರಿಂಗಿನ ಕಡೆ ಓಡಿ ಬೊಗಸೆ ಬೊಗಸೆ ನೀರು ಕುಡಿದಳು. ಪಕ್ಕದಲ್ಲಿದ್ದ ಗೆಳತಿ ನನ್ನ ಮುಖ ನೋಡಿ, "ಆಕಿ ಮಧ್ಯಾನದಾಗ ಉಣ್ಣಂಗಿಲ್ರೀ ಅಕ್ಕೋರ, ನೀರು ಕುಡೀತಾಳ್ರೀ" ಎಂದಳು.

ಹಿಂದಿನ ರಾತ್ರಿ ಅರ್ಧ ರೊಟ್ಟಿ ತಿಂದಿದ್ದ ಮಗುವನ್ನು ನಾನು ನಲವತ್ತು ನಿಮಿಷ ನಿಲ್ಲಿಸಿದ್ದೆ. ಅದನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ.

ಹಾಗೆಂದು ಸರ್ಕಾರ ಏನೂ ಕೊಡುತ್ತಿರಲಿಲ್ಲ ಎನ್ನುವಂತಿಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಶುರುಮಾಡಿದ ಯೋಜನೆಯಂತೆ, ಶೇಕಡಾ 80ರಷ್ಟು ಹಾಜರಾತಿ ಇದ್ದ ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯ ಸಿಗುತ್ತಿತ್ತು. ಆ ಹುಡುಗಿಯ ಹೆಸರಿನಲ್ಲೂ ಅಕ್ಕಿ ಹೋಗುತ್ತಿತ್ತು. ಮನೆಯಲ್ಲಿ ಆರು ಬಾಯಿ, ಒಂದೇ ಗಡಿಗೆ. ತಾಯಿ ನಸುಕಿನಲ್ಲೇ ಕೂಲಿಗೆ ಹೊರಡುವವಳು. ಆಕೆಯನ್ನು ದೂರಿ ಏನು ಫಲ? ಮೂರು ಕಿಲೋ ಅಕ್ಕಿ ಎಷ್ಟು ದಿನ ಬಂದೀತೆಂದು ಮನೆ ನಡೆಸುವ ನಮಗೆ ಯಾರೂ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಅಕ್ಕಿ ಮನೆಗೆ ಬಂದಿತ್ತು, ಮಗುವಿನ ತಟ್ಟೆಗೆ ಬಂದಿರಲಿಲ್ಲ.

ಅಂದಿನಿಂದ, ಶಾಲೆಯಲ್ಲಿ ಮಕ್ಕಳಿಗೆ ಮೊದಲು ಊಟ ಹಾಕಿದವರು ಯಾರು ಎಂದು ಹುಡುಕಿ ಓದತೊಡಗಿದೆ. ಪಾಠದ ಪುಸ್ತಕದಲ್ಲಿ ಯುದ್ಧಗಳ ಇಸವಿಗಳಿದ್ದವು, ಇದು ಇರಲಿಲ್ಲ.

ಇಂಗ್ಲೆಂಡಿನಲ್ಲಿ 1880ರ ಹೊತ್ತಿಗೆ ಶಾಲೆ ಕಡ್ಡಾಯವಾಗಿತ್ತು. ಗಿರಣಿ ಕೂಲಿಗಳ ಮಕ್ಕಳು ಬಂದು ಕೂತರು, ಆದರೆ ಖಾಲಿ ಹೊಟ್ಟೆಯಲ್ಲಿ. ಬೋಯರ್ ಯುದ್ಧಕ್ಕೆ ಸೈನಿಕರನ್ನು ಸೇರಿಸಿಕೊಳ್ಳುವಾಗ ಎಷ್ಟೋ ಯುವಕರು ದೇಹದಲ್ಲಿ ಕಸುವಿಲ್ಲದವರೆಂದು ತಿಳಿದಾಗಲೇ ಸರ್ಕಾರಕ್ಕೆ ಎಚ್ಚರವಾದದ್ದು. 1906ರಲ್ಲಿ ಶಾಲೆಯಲ್ಲಿ ಊಟ ಹಾಕಬಹುದೆಂಬ ಕಾನೂನು ಬಂತು. 'ಹಾಕಬಹುದು' ಅಷ್ಟೆ, 'ಹಾಕಲೇಬೇಕು' ಎಂದಿರಲಿಲ್ಲ. ಬ್ರ್ಯಾಡ್‌ಫರ್ಡ್ ಎಂಬ ಗಿರಣಿಗಳ ಊರು ಮುಂದೆ ಬಂತು. ಅಲ್ಲಿನ ಶಾಲಾ ವೈದ್ಯ ರಾಲ್ಫ್ ಕ್ರೌಲಿ ಮತ್ತು ಗೃಹವಿಜ್ಞಾನದ ಮೇಲ್ವಿಚಾರಕಿ ಮೇರಿಯನ್ ಕಫ್ ಇಬ್ಬರೂ 1907ರ ಏಪ್ರಿಲ್‌ನಿಂದ ಜುಲೈವರೆಗೆ ಸುಮಾರು ನಲವತ್ತು ಬಡಮಕ್ಕಳಿಗೆ ಊಟ ಹಾಕಿಸಿ ತೂಕ ನೋಡಿದರು. ಮೇಜಿನ ಮೇಲೆ ಬಟ್ಟೆ ಹಾಸಿ ಹೂವು ಇಡುತ್ತಿದ್ದರಂತೆ. ಮಕ್ಕಳ ತೂಕ ಏರಿತು. ರಜೆ ಬಂದು ಊಟ ನಿಂತಾಗ ಇಳಿಯಿತು. ಶಾಲೆ ತೆರೆದ ಮೇಲೆ ಮತ್ತೆ ಏರಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ?

ಆದರೆ ಆ ಊಟ 'ತೀರಾ ಬಡವರು' ಎಂದು ಆರಿಸಿದ ಮಕ್ಕಳಿಗೆ ಮಾತ್ರ. ಹೆಸರು ಬರೆಸಿಕೊಳ್ಳಬೇಕು, ಹತ್ತು ಮಕ್ಕಳ ಎದುರಿಗೆ ಎದ್ದು ಹೋಗಬೇಕು. ನಮ್ಮ ಹಿರಿಯರು ಪಂಕ್ತಿಭೇದ ಮಾಡಬಾರದು ಎನ್ನುತ್ತಿದ್ದರಲ್ಲ, ಇದೂ ಅದೇ.

ಪಂಕ್ತಿಭೇದವನ್ನು ಮೀರಿದ ಒಬ್ಬ ಹೆಣ್ಣುಮಗಳನ್ನು ಇಲ್ಲಿ ನೆನೆಯಬೇಕು. ಎಗ್ಲಂಟೈನ್ ಜೆಬ್ ಸ್ವಲ್ಪ ಕಾಲ ನಮ್ಮಂತೆಯೇ ಶಾಲಾ ಶಿಕ್ಷಕಿಯಾಗಿದ್ದವಳು. ಮೊದಲ ಮಹಾಯುದ್ಧ ನಿಂತರೂ ಮಿತ್ರರಾಷ್ಟ್ರಗಳ ದಿಗ್ಬಂಧನ ನಿಂತಿರಲಿಲ್ಲ. ಜರ್ಮನಿ, ಆಸ್ಟ್ರಿಯಾಗಳ ಮಕ್ಕಳು ಸೊರಗುತ್ತಿದ್ದರು. 1919ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಅಂಥ ಮಗುವಿನ ಚಿತ್ರವಿದ್ದ ಕರಪತ್ರ ಹಂಚಿದ್ದಕ್ಕೆ ಆಕೆಯನ್ನು ಬಂಧಿಸಿ ಐದು ಪೌಂಡ್ ದಂಡ ಹಾಕಿದರು. ಅದೇ ವರ್ಷ ಆಕೆ ತನ್ನ ತಂಗಿಯ ಜೊತೆ ಸೇರಿ 'ಸೇವ್ ದಿ ಚಿಲ್ಡ್ರನ್' ಸಂಸ್ಥೆ ಕಟ್ಟಿದಳು. ಶತ್ರುವಿನ ಮಗು ಎಂದು ಬೇರೆ ಪಂಕ್ತಿ ಇಲ್ಲ ಎನ್ನುವುದೇ ಆಕೆಯ ವಾದ.

ನಮ್ಮ ನೆರೆಯ ಮದರಾಸು ಬಹಳ ತಡಮಾಡಲಿಲ್ಲ. ಪಿ. ತ್ಯಾಗರಾಯ ಚೆಟ್ಟಿಯವರು ನಗರಸಭೆಯ ಅಧ್ಯಕ್ಷರಾಗಿದ್ದಾಗ, 1920ರಲ್ಲಿ, ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯಲ್ಲಿ ಮಗುವಿಗೆ ದಿನಕ್ಕೆ ಒಂದಾಣೆ ಮೀರದಂತೆ ತಿಂಡಿ ಕೊಡಲು ಒಪ್ಪಿಗೆ ಸಿಕ್ಕಿತು. ಇನ್ನೂ ನಾಲ್ಕು ಶಾಲೆಗಳಿಗೆ ಅದು ಹಬ್ಬಿತು. 1922–23ರಲ್ಲಿ 811 ಇದ್ದ ಮಕ್ಕಳ ಸಂಖ್ಯೆ 1924–25ಕ್ಕೆ 1,671 ಆಯಿತು. ಶಿಕ್ಷಣದ ಹಣವನ್ನು ತಿಂಡಿಗೆ ಬಳಸಕೂಡದೆಂದು ಬ್ರಿಟಿಷ್ ಸರ್ಕಾರ ತಡೆದದ್ದರಿಂದ 1925ರಲ್ಲಿ ಅದು ನಿಂತುಹೋಯಿತು. ಮುಂದೆ, ತಾವೇ ಓದನ್ನು ನಡುವೆ ಬಿಟ್ಟಿದ್ದ ಕಾಮರಾಜರು ಮುಖ್ಯಮಂತ್ರಿಯಾಗಿ 1956ರಲ್ಲಿ ಎಟ್ಟಯಪುರದಲ್ಲಿ ಮಧ್ಯಾಹ್ನದ ಊಟಕ್ಕೆ ಚಾಲನೆ ಕೊಟ್ಟರು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ಬಹಳ ದೊಡ್ಡದಾಗಿ ಬೆಳೆಸಿದರು. ಓಟಿಗಾಗಿ ಎಂದು ಆಡಿಕೊಂಡವರಿದ್ದರು. ಉಂಡ ಮಗುವಿಗೆ ಅದರಿಂದ ಏನು ವ್ಯತ್ಯಾಸವಾಯಿತು?

ನಾನು ಓದಿದ ಶಾಲೆಯಲ್ಲೂ ಎಪ್ಪತ್ತರ ದಶಕದಲ್ಲಿ ಉಪ್ಪಿಟ್ಟು ಕೊಡುತ್ತಿದ್ದರು. ಅಮೆರಿಕದ 'ಕೇರ್' ಸಂಸ್ಥೆಯ ಗೋಧಿ ನುಚ್ಚು, ಡಬ್ಬಿಯ ಎಣ್ಣೆ, ಹಾಲಿನ ಪುಡಿ. ನಿಮ್ಮಲ್ಲಿ ಎಷ್ಟೋ ಮಂದಿಗೆ ಆ ಘಮ ಮರೆತಿರಲಾರದು. ನನ್ನ ಬಾಯಲ್ಲಿ ನೀರೂರುತ್ತಿತ್ತು. ಅಮ್ಮ ಮಾತ್ರ, "ನಮಗ್ಯಾಕಮ್ಮ ಅದು? ಇಲ್ಲದವರ ಮಕ್ಕಳಿಗೆ ಕೊಡೋದು" ಎಂದು ಬಿಡುತ್ತಿರಲಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ತಟ್ಟೆಯನ್ನು ಚೀಲದಲ್ಲಿ ಬಟ್ಟೆ ಸುತ್ತಿ ತರುತ್ತಿದ್ದಳು, ಸದ್ದಾಗದಿರಲಿ ಎಂದು. ಅವಳು ಹಸಿವಿಗಿಂತ ಹೆಚ್ಚಾಗಿ ಆ ತಟ್ಟೆಗೆ ಹೆದರುತ್ತಿದ್ದಳೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಮತ್ತೆ ಕೊಪ್ಪಳಕ್ಕೆ ಬರುತ್ತೇನೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟವನ್ನೇ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ. ನಮ್ಮ ರಾಜ್ಯದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಕೊಪ್ಪಳವೂ ಅದರಲ್ಲಿತ್ತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು.

ನಮ್ಮ ಶಾಲೆಯ ಅಡುಗೆಗೆ ಬಂದವರು ದಲಿತ ಕೇರಿಯ ಒಬ್ಬ ವಿಧವೆ. ಮೊದಲ ವಾರ ಕೆಲವು ಮನೆಗಳವರು ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸಿದರು. ನಾನು ಆ ಮಕ್ಕಳನ್ನು ಕೂರಿಸಿಕೊಂಡು ಸಮಾನತೆಯ ಪಾಠ ಹೇಳಿದೆ. ಹೇಳಿದ ಮೇಲೆ ಶಿಕ್ಷಕರ ಕೋಣೆಗೆ ಹೋಗಿ ನನ್ನ ಡಬ್ಬಿ ಬಿಚ್ಚಿದೆ. ದಿನವೂ ಅದೇ. ಹುಟ್ಟಿದ ಮನೆಯ ಮಡಿಯೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಆ ಬೋರಿಂಗಿನ ಹುಡುಗಿಯೇ ಬಾಗಿಲಲ್ಲಿ ನಿಂತು, "ನೀವ್ಯಾಕ ನಮ್ಮ ಸಂಗಾಟ ಉಣ್ಣಂಗಿಲ್ರೀ ಅಕ್ಕೋರ? ಸಾರು ಛಲೋ ಆಗೈತ್ರಿ" ಎಂದಳು. ಅವಳ ಮನಸ್ಸಿನಲ್ಲಿ ಕುಹಕವಿರಲಿಲ್ಲ, ನನಗೂ ಬಡಿಸುವ ಆಸೆಯಿತ್ತು ಅಷ್ಟೆ. ನಾನು ಡಬ್ಬಿ ಮುಚ್ಚಿ ಹೋಗಿ ಸಾಲಿನ ಕೊನೆಯಲ್ಲಿ ಕೂತೆ. ಸಾರು ನಿಜಕ್ಕೂ ಚೆನ್ನಾಗಿತ್ತು. ಬುತ್ತಿ ತರುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಬರಲಿಲ್ಲ, ಅದನ್ನೂ ಹೇಳಬೇಕು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಅದು ಏಕೆ ಬೇಕಿತ್ತೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಎಲ್ಲರಿಗೂ ಒಂದೇ ಪಂಕ್ತಿ ಎನ್ನುವುದು ಬರೀ ಆದರ್ಶದ ಮಾತಲ್ಲ. ಫಿನ್ಲೆಂಡ್ ಆಗಿನ್ನೂ ಬಡ ದೇಶ. ಯುದ್ಧದ ನಡುವೆ, 1943ರಲ್ಲಿ, ಅದು ಕಾನೂನು ಮಾಡಿ 1948ರಿಂದ ಬಡವ ಬಲ್ಲಿದ ಎನ್ನದೆ ಎಲ್ಲ ಶಾಲಾಮಕ್ಕಳಿಗೂ ಉಚಿತ ಊಟ ಕೊಟ್ಟಿತು. ಬ್ರೆಜಿಲ್ 2009ರಲ್ಲಿ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇಕಡಾ 30ನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಬಳಸಬೇಕೆಂದು ಕಾನೂನು ಮಾಡಿತು. ಮಗುವಿನ ತಟ್ಟೆ, ರೈತನ ಹೊಲ ಎರಡಕ್ಕೂ ನೆರವು.

ನಮ್ಮಂಥವರು ಏನು ಮಾಡಬಹುದು? ಹುಟ್ಟುಹಬ್ಬಕ್ಕೆ ಬಡಮಕ್ಕಳನ್ನು ಕೂಡಿಸಿ, ಒಂದು ದಿನ ಸಿಹಿ ಹಂಚಿ, ಫೋಟೋ ತೆಗೆಸಿಕೊಳ್ಳುವುದನ್ನು ಬಿಡೋಣ. ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರನ್ನು ಕೇಳಿ, ಅಡುಗೆಮನೆ ನೋಡೋಣ. ಬೇಳೆ ಆರಿಸಿದ್ದಾರೆಯೇ, ಎಣ್ಣೆ ಎಲ್ಲಿಟ್ಟಿದ್ದಾರೆ, ಕೈ ತೊಳೆಯಲು ನೀರಿದೆಯೇ ಎಂದು ತಿಳಿಯಲು ನಮಗಿಂತ ಬೇರೆ ತಜ್ಞರು ಬೇಕೆ? 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಊಟಕ್ಕೆ ಕೀಟನಾಶಕ ಬೆರೆತು 23 ಮಕ್ಕಳು ತೀರಿಕೊಂಡರು. ನೋಡುವ ಕಣ್ಣು ಹೆಚ್ಚಿದಷ್ಟೂ ಒಳ್ಳೆಯದು. ಮತ್ತೆ, ಒಂದು ದಿನ ಮಕ್ಕಳ ಸಾಲಿನಲ್ಲಿ ಕೂತು ಉಂಡು ಬನ್ನಿ.

ಆ ಹುಡುಗಿ ಏಳನೇ ತರಗತಿ ಮುಗಿಸಿದ್ದು 2004ರ ಏಪ್ರಿಲ್‌ನಲ್ಲಿ. ಬರಗಾಲದ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು ಕೋರ್ಟು ಹೇಳಿದ್ದೂ ಅದೇ ತಿಂಗಳು. ಫಲಿತಾಂಶದ ದಿನ ಪಾಸಾದ ಸುದ್ದಿ ಕೇಳಿ ನಕ್ಕಳು, ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ಪಕ್ಕದಲ್ಲಿದ್ದ ತಮ್ಮನ ಹೆಗಲ ಮೇಲೆ ಕೈಯಿಟ್ಟು ಕೇಳಿದಳು: "ಸೂಟಿಯಾಗ ಇವಗ ಊಟ ಐತೇನ್ರಿ ಅಕ್ಕೋರ?"

ಬ್ರ್ಯಾಡ್‌ಫರ್ಡಿನ ತಕ್ಕಡಿ ಹೇಳಿದ್ದೂ ಅದನ್ನೇ. ಹಸಿವಿಗೆ ರಜೆಯಿಲ್ಲ.