‘ಕಿನ್ಸ್‌ಮೆನ್’ ಆಲ್ಬಂ ಮತ್ತು ಗಮಕದ ಪ್ರಶ್ನೆ

ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ 2008ರಲ್ಲಿ ಪೈ ರೆಕಾರ್ಡಿಂಗ್ಸ್ ಮೂಲಕ ಹೊರತಂದ ‘ಕಿನ್ಸ್‌ಮೆನ್’ ಆಲ್ಬಂ, ಒಂದೇ ವಾದ್ಯವನ್ನು ಎರಡು ಸಂಪ್ರದಾಯಗಳಲ್ಲಿ ಪಳಗಿಸಿಕೊಂಡ ಇಬ್ಬರು ಆಲ್ಟೊ ಸ್ಯಾಕ್ಸೋಫೋನ್ ವಾದಕರನ್ನು ಮುಖಾಮುಖಿಯಾಗಿಸುವುದರಿಂದ, ‘ಫ್ಯೂಷನ್’ ಎಂಬ ಸಡಿಲ ಹಣೆಪಟ್ಟಿಗೆ ದಕ್ಕದ ಕೃತಿಯಾಗಿದೆ. ಮಹಂತಪ್ಪ ಕರ್ನಾಟಕ ಮೂಲದ ಕುಟುಂಬದಲ್ಲಿ 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ಕೊಲರಾಡೊದಲ್ಲಿ ಬೆಳೆದವರು. ಅವರ ಜೊತೆಗಾರ ಕದ್ರಿ ಗೋಪಾಲನಾಥ್ (1949–2019) ದಕ್ಷಿಣ ಕನ್ನಡದ ನಾಗಸ್ವರ ವಾದಕರೊಬ್ಬರ ಮಗನಾಗಿದ್ದು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತು ಅದನ್ನು ಕರ್ನಾಟಕ ಸಂಗೀತ ಕಛೇರಿಯ ವಾದ್ಯವಾಗಿಸಿದವರು.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯದಲ್ಲಿ ಪ್ರತಿಯೊಂದು ಸ್ವರಕ್ಕೂ ಕೀಗಳು ನಿಗದಿತ ಸ್ಥಾನವನ್ನು ಕೊಡುತ್ತವೆಯಾದ್ದರಿಂದ, ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಗಮಕವನ್ನು ತುಟಿಯ ಒತ್ತಡ, ಉಸಿರು ಹಾಗೂ ಬೆರಳಿನ ನಿಯಂತ್ರಣದಿಂದಲೇ ಸಾಧಿಸಬೇಕಾಗುತ್ತದೆ. ಆಲ್ಬಂನಲ್ಲಿ ಒಂದು ರಚನೆಗೆ ಹೆಸರಾಗಿರುವ ‘ಕಲ್ಯಾಣಿ’ಯನ್ನೇ ನೋಡಬಹುದು: ಕರ್ನಾಟಕ ಸಂಗೀತದ 65ನೆಯ ಮೇಳ, ಅಂದರೆ ಮೂಲರಾಗ, ಆದ ಇದರ ಸ್ವರಗಳು ಪಾಶ್ಚಾತ್ಯರ ಲಿಡಿಯನ್ ಸ್ವರಶ್ರೇಣಿಯ ಸ್ವರಗಳೇ ಆಗಿದ್ದರೂ, ಶ್ರೇಣಿ ಒಂದಾದ ಮಾತ್ರಕ್ಕೆ ರಾಗ ಒಂದಾಗುವುದಿಲ್ಲ, ಕಲ್ಯಾಣಿಯ ಚಹರೆ ಇರುವುದು ಸ್ವರಗಳ ನಡುವಿನ ಸಂಚಾರದಲ್ಲಿ. ಗೋಪಾಲನಾಥರ ನುಡಿಸಾಣಿಕೆ ಆ ನಡುವಿನಲ್ಲಿ ನೆಲೆಸಿದರೆ, ಮಹಂತಪ್ಪನವರದು ಸ್ವರಗಳ ಮೊನಚಾದ ಅಂಚುಗಳನ್ನು ಹಿಡಿದು ಸಾಗುತ್ತದೆ, ಮತ್ತು ಅವರು ಹಿರಿಯರನ್ನು ಅನುಕರಿಸಲು ಹೋಗದಿರುವುದು ಈ ಆಲ್ಬಂನ ದೊಡ್ಡ ವಿವೇಕವೆನ್ನಬೇಕು.

ಜಾಝ್‌ನಲ್ಲಿ ಸಾಮಾನ್ಯವಾಗಿರುವ ಕಾರ್ಡ್, ಅಂದರೆ ಏಕಕಾಲದಲ್ಲಿ ನುಡಿಯುವ ಸ್ವರಗುಚ್ಛ, ಪದೇ ಪದೇ ಬದಲಾಗತೊಡಗಿದರೆ ಸ್ಥಿರವಾದ ಆಧಾರಷಡ್ಜವನ್ನು ನೆಚ್ಚಿದ ರಾಗಕ್ಕೆ ಕಾಲೂರಲು ನೆಲವಿರುವುದಿಲ್ಲ. ಇದನ್ನರಿತ ಮಹಂತಪ್ಪ ಕಾರ್ಡ್‌ಗಳ ಓಟವನ್ನು ಹಿನ್ನೆಲೆಗೆ ಸರಿಸಿ, ಎರಡು ಸ್ಯಾಕ್ಸೋಫೋನ್‌ಗಳು ಕೂಡಿ ನುಡಿಸುವ ಸಾಲುಗಳಿಗೂ ಲಯದ ಹೆಣಿಗೆಗೂ ಪ್ರಾಧಾನ್ಯ ಕೊಟ್ಟಿದ್ದಾರೆ. ಪೂವಲೂರ್ ಶ್ರೀಜಿಯವರ ಮೃದಂಗ ಮತ್ತು ರಾಯಲ್ ಹಾರ್ಟಿಗನ್‌ರ ಡ್ರಮ್ಸ್ ಆ ಹೆಣಿಗೆಯನ್ನು ಹೊತ್ತರೆ, ರೆಜ್ ಅಬ್ಬಾಸಿಯವರ ಗಿಟಾರಿಗೂ ಎ. ಕನ್ಯಾಕುಮಾರಿಯವರ ಪಿಟೀಲಿಗೂ ಪ್ರತ್ಯೇಕ ಆಲಾಪಗಳು ಮೀಸಲಾಗಿವೆ. ಇವುಗಳಲ್ಲಿ, ಮೆಟ್ಟಿಲುಗಳಿಲ್ಲದ ಪಿಟೀಲಿನ ಆಲಾಪವನ್ನು ಕೇಳಿದವರಿಗೆ ಸ್ಯಾಕ್ಸೋಫೋನ್ ಎಷ್ಟು ಶ್ರಮದಿಂದ ಗಮಕವನ್ನು ಗಳಿಸಿದೆಯೆಂಬುದು ಸ್ಪಷ್ಟವಾಗುತ್ತದೆ. 2008ರಲ್ಲೇ ಅಬ್ಬಾಸಿ ಹಾಗೂ ತಬಲಾ ನುಡಿಸುವ ಡ್ಯಾನ್ ವೈಸ್ ಜೊತೆಗೆ ಮಹಂತಪ್ಪ ಪ್ರಕಟಿಸಿದ ‘ಆಪ್ತಿ’ಯಲ್ಲಿ ಎರಡನೆಯ ಸ್ಯಾಕ್ಸೋಫೋನ್ ಇಲ್ಲದ ಕಾರಣ, ಒಂದೇ ವಾದ್ಯದ ಎರಡು ಸಂಪ್ರದಾಯಗಳ ತುಲನೆಗೆ ಅಲ್ಲಿ ಅವಕಾಶವೇ ಒದಗುವುದಿಲ್ಲ.